ಬೆನ್ನಿಗೆ ತಾಗಿದ್ದು

ಗಂಗಾವತಿಯ ಏಪ್ರಿಲ್. ಶಾಮಿಯಾನದೊಳಗೆ
ಕೂಲರಿನ ಗಾಳಿಗಿಂತ ಸದ್ದೇ ಹೆಚ್ಚು.
ಹುಲಿಗೆಮ್ಮ ಮೇಡಂ ಸೀರೆಯ ಮೇಲೆ ಬ್ಲೇಜರ್ ಹಾಕಿ ಬಂದಿದ್ದಾರೆ,
ಎಂಬತ್ತೆರಡರಲ್ಲಿ ಹೊಲಿಸಿದ್ದು,
ಗುಂಡಿ ಈಗ ಕೂಡುವುದಿಲ್ಲ,
ಜೇಬಿನ ಲಾಂಛನ ಅರ್ಧ ನುಸಿಯ ಪಾಲು.
"ಸೆಕಿ ಆಗೂದಿಲ್ಲೇನ್ರಿ?" ಎಂದೆ.
"ಆಕ್ಕತಿ. ಇವತ್ತ ಬಿಟ್ರ ಯಾವತ್ತ ಹಾಕ್ಕೊಳ್ಳಲಿ?"

ಪ್ರಾಂಶುಪಾಲರು ಓದಿದರು:
ಖೋಖೋದಲ್ಲಿ ನಾಗಪುರದ ಬೆಳ್ಳಿ, ಧಾರವಾಡದ ಚಿನ್ನ,
ಮೂವತ್ತೊಂದು ವರ್ಷದ ತರಬೇತಿ.
ಒಂದು ಕಡೆ ಹುಲಿಗಮ್ಮ ಎಂದರು,
ಇನ್ನೊಂದು ಕಡೆ ಹುಲಿಯಮ್ಮ.
ಮೇಡಂ ಎರಡಕ್ಕೂ ತಲೆಯಾಡಿಸಿದರು.

ಬೂದಿಯ ಮಾತು ಯಾರೂ ಎತ್ತಲಿಲ್ಲ.
ಸುಣ್ಣಕ್ಕೆ ಕಾಲೇಜು ದುಡ್ಡು ಕೊಡದ ವರ್ಷ
ರೈಸ್ ಮಿಲ್ಲಿನಿಂದ ಚೀಲ ಹೊತ್ತು ತಂದು
ನಡುಗೆರೆ ಎಳೆದವರು ಅವರೇ.
ಸಂಜೆ ಅಮ್ಮಿ ನನ್ನ ಸಲ್ವಾರ್ ಜಾಡಿಸುತ್ತಿದ್ದಳು,
ಏನೂ ಕೇಳದೆ.

ಒಂದು ದಿನ ಅಬ್ಬಾನ ಅಂಗಡಿಗೆ ಬಂದರು.
ಬೆಲ್ಲ ಕಟ್ಟಿಸಿಕೊಂಡು, ಚಿಲ್ಲರೆ ಎಣಿಸಿಕೊಟ್ಟು,
ಹೋಗುವಾಗ ಹೊಸ್ತಿಲಲ್ಲಿ ನಿಂತು,
"ನಿಮ್ಮ ಮಾಬುನ್ನಿಗೆ ಕಾಲು ಅದಾವ್ರಿ."
"ಎಲ್ಲಾರಿಗೂ ಅದಾವಲ್ರಿ, ಮೇಡಂ."
"ಇಲ್ರಿ. ಎಲ್ಲಾರಿಗೂ ಇರೂದಿಲ್ಲ."

ಎಂಟು ಜನ ಸಾಲಾಗಿ ಕೂಡುತ್ತಿದ್ದೆವು,
ಒಬ್ಬಳ ಮುಖ ಮಿಲ್ಲಿನ ಚಿಮಣಿಗೆ,
ಪಕ್ಕದವಳದು ಕಲ್ಲುಗುಡ್ಡಕ್ಕೆ.
"ಕುಂತೀವಿ ಅಂತ ಕುಂದರಬ್ಯಾಡ್ರಿ.
ಹಿಮ್ಮಡ ಎತ್ತಿರಲಿ. ಕಿವಿ ಬೆನ್ನಾಗಿರಲಿ.
ಖೋ ಸಿಗೂತನಾ ಏಳಬ್ಯಾಡ್ರಿ,
ಸಿಕ್ಕ ಮ್ಯಾಲ ಯಾರು ಕೊಟ್ರು ಅಂತ
ತಿರುಗಿ ನೋಡಬ್ಯಾಡ್ರಿ."

ನಾನು ನೋಡಿದೆ, ಒಮ್ಮೆ.
ಲಿಂಗಸುಗೂರಿನಲ್ಲಿ, ಕೊನೆಯ ನಿಮಿಷ. ಸೋತೆವು.
ಬಸ್ಸಿನಲ್ಲಿ ಮೇಡಂ ಬೈಯಲಿಲ್ಲ,
ಸಿಂಧನೂರಿನವರೆಗೆ ಮಾತೂ ಆಡಲಿಲ್ಲ.
ಅಲ್ಲಿ ಇಳಿಸಿ ಎಲ್ಲರಿಗೂ ಒಗ್ಗರಣಿ, ಎರಡೆರಡು ಮಿರ್ಚಿ.
ಖಾರಕ್ಕೆ ಅಳುತ್ತಿದ್ದೇನೆಂದೇ
ಹುಡುಗಿಯರೆಲ್ಲ ನಂಬಿದರು, ಅಥವಾ
ನಂಬಿದಂತೆ ನೀರು ಕೊಟ್ಟರು.

ಈಗ ಅತಿಥಿಗಳು ಎದ್ದರು. ಯಾರೋ ಶಾಲು ಬಿಡಿಸಿದರು.
ಮೇಡಂ ಕುರ್ಚಿಯಲ್ಲಿ, ಮುಖ ನಮ್ಮ ಕಡೆ,
ಎರಡೂ ಮೊಣಕಾಲಿಗೆ ಆಪರೇಷನ್ನಿನ ಗೆರೆ.
ಶಾಲು ಹಿಂದಿನಿಂದ ಬಂದು ಬೆನ್ನಿಗೆ ತಾಗಿತು,

ಎದ್ದೇ ಬಿಟ್ಟರು.
ಸೊಂಟ ಬಾಗಿಸಿ, ಬಲಗಾಲು ಮುಂದಿಟ್ಟು
ಒಂದು ಹೆಜ್ಜೆ, ಎರಡು, ನಾಲ್ಕು.
ಹಾರ ಹಿಡಿದ ಹುಡುಗಿ ಹೌಹಾರಿದಳು. ಶಾಲು ನೆಲಕ್ಕೆ.
ವೇದಿಕೆಯ ತುದಿಯ ಕಂಬ ಮುಟ್ಟಿದ ಮೇಲೆಯೇ ನಿಂತರು,
ಏದುಸಿರು, ಅದರೊಳಗೆ ನಗು.

ಯಾರೋ ನೀರು ತಂದರು.
ಬಿಸಿಲಿಗೆ ತಲೆ ಸುತ್ತಿರಬೇಕು ಎಂದರು ಪ್ರಾಂಶುಪಾಲರು,
ಮೈಕಿನಲ್ಲೇ.

ಮೂರನೆಯ ಸಾಲಿನಲ್ಲಿ ನಾವು ಏಳು ಮಂದಿ,
ಒಬ್ಬಳು ಬಸ್ಸಿನ ಕಂಡಕ್ಟರ್, ಒಬ್ಬಳು ನರ್ಸ್,
ಒಬ್ಬಳ ತೊಡೆಯ ಮೇಲೆ ಮೊಮ್ಮಗು ನಿದ್ದೆ.
ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ನಾನು ಕೆಳಗೆ ನೋಡಿದೆ:
ಹದಿನಾಲ್ಕು ಹಿಮ್ಮಡ
ನೆಲ ಬಿಟ್ಟಿದ್ದವು.