ಐಸಿನ ಬಾಬ್ತು

ಬಂದರಿನಿಂದ ಬೆಂಗ್ರೆಗೆ ಫೆರಿಯಲ್ಲಿ ಆರೇಳು ನಿಮಿಷ.
ಅಷ್ಟರೊಳಗೆ ತೀರ್ಪು ಬರಬೇಕಾದರೆ
ಮಾತು ಚುಟುಕಿರಬೇಕು. ಯಾರದ್ದೂ ಚುಟುಕಿರಲಿಲ್ಲ.

ಧರ್ಣಪ್ಪಣ್ಣನ ಮೇಲೆ ಕೇಸಂತೆ.
ಉಪಚುನಾವಣೆಗೆ ಮುಂಚಿನ ತಿಂಗಳು ಅವರ ಕಂಪನಿಯ ಕಿರ್ದಿಯಲ್ಲಿ
ಒಂಬತ್ತು ಲಕ್ಷದ ಐಸಂತೆ.
ಆಗ ಜುಲೈ. ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡು
ಒಂದಕ್ಕೊಂದು ಮೈ ಉಜ್ಜುತ್ತಿದ್ದ ಕಾಲ,
ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ನಾಯಿ ಮಲಗುವ ಕಾಲ.
ಐಸಲ್ಲವಂತೆ ಅದು,
ವಿಂಚಿಗೆ ಸಿಕ್ಕಿ ಸತ್ತ ಒಬ್ಬ ಹುಡುಗನ ಮನೆಯವರು
ಓಟು ಮುಗಿಯುವವರೆಗೆ ಸುಮ್ಮನಿರಲಿ ಅಂತ ಕೊಟ್ಟದ್ದಂತೆ.
ಎಲ್ಲದರ ಬಾಲಕ್ಕೂ ಒಂದೊಂದು ಅಂತೆ.

"ಅವರ ದುಡ್ಡು, ಅವರ ಪುಸ್ತಕ, ಅವರ ಪೆನ್ನು,"
ಬಲೆ ಹೆಣೆಯುವ ಅದ್ರಾಮಾಕ ಹೇಳಿದರು,
"ನನ್ನ ಗೋಡೆಗೆ ನಾನು ಯಾವ ಬಣ್ಣ ಬಳಿದರೆ
ಊರಿಗೆ ಎಂತ ಮಾರಾಯ್ರೆ?"

"ಸುಳ್ಳು ಬರೆಯುವುದು ಒಂದು,"
ಲಿಗೋರಿ ಮಾಸ್ಟ್ರು ಬೆರಳು ಎತ್ತಿದರು,
"ಯಾರನ್ನು ಮೋಸ ಮಾಡಲಿಕ್ಕೆ ಬರೆದದ್ದು ಎಂಬುದು ಇನ್ನೊಂದು.
ಎರಡೂ ಕೂಡಿದರೆ ಅಪರಾಧ."
ಎರಡನೇ ಬೆರಳು ಎತ್ತಲು ಕಂಬಿ ಬಿಡಬೇಕಾಯಿತು.
ಅಲೆ ಬಂದು ಅವರನ್ನು ನನ್ನ ಮೇಲೆ ಕೂರಿಸಿತು.

"ಮೋಸ ಆದದ್ದು ಯಾರಿಗೆ, ಐಸಿಗಾ?"
ದೋಣಿ ಇಡೀ ನಕ್ಕಿತು. ನಾನೂ ನಕ್ಕೆ.

ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡ ಒಬ್ಬ ಹುಡುಗ ಕೇಳಿದ:
"ಎಲ್ಲ ಪಾರ್ಟಿಯವರೂ ಬರೆಯುತ್ತಾರೆ.
ಇವರದ್ದು ಮಾತ್ರ ಓದಿದ್ದು ಯಾಕೆ?"
ಇದಕ್ಕೆ ಮಾಸ್ಟ್ರಲ್ಲಿ ಉತ್ತರವಿರಲಿಲ್ಲ.
ಇಂಜಿನ್ನು ಸ್ವಲ್ಪ ಹೊತ್ತು ಅವರ ಪರವಾಗಿ ಮಾತಾಡಿತು.

"ಕಾಮ್ತರೇ, ನೀವು ಲೆಕ್ಕದವರಲ್ಲವಾ, ನೀವು ಹೇಳಿ."

ಮೂವತ್ತೊಂದು ವರ್ಷ ಬಂದರಿನ ಮಂಡಿಗಳಲ್ಲಿ
ಕಾಲು ಮಡಚಿ ಕೂತು ಬರೆದವ ನಾನು.
ಒಂದು ಸಂಗತಿ ಯಾವ ವಕೀಲನಿಗೂ ಗೊತ್ತಿರಲಿಕ್ಕಿಲ್ಲ:
ಸುಳ್ಳು ಬರೆಯುವಾಗ ಅಕ್ಷರ ಚಂದವಾಗುತ್ತದೆ.
ಕೈ ನಿಧಾನವಾಗುತ್ತದೆ, ಒತ್ತಕ್ಷರಗಳು ದುಂಡಗಾಗುತ್ತವೆ.
ಯಾರೋ ಆಫೀಸರನ ಮಗಳ ಮದುವೆಯ ಸೀರೆಗಳನ್ನು
"ಗೋಣಿಚೀಲ ಖರೀದಿ" ಎಂದು ಬರೆದ ಪುಟ
ಈಗಲೂ ಕಣ್ಣ ಮುಂದಿದೆ, ಎಷ್ಟು ಅಚ್ಚುಕಟ್ಟು!
ಧನಿಗಳು ಹೇಳಿದರು, ಬರೆದೆ, ಸಂಜೆ ಶಿಲ್ಕು ತಾಳೆಯಾಯಿತು.
ತಾಳೆಯಾದ ದಿನ ಒಳ್ಳೆಯ ನಿದ್ರೆ.
ಇದನ್ನೆಲ್ಲ ನಾನು ಹೇಳಲಿಲ್ಲ.
"ಕೋರ್ಟು ನೋಡಿಕೊಳ್ಳುತ್ತದೆ ಬಿಡಿ," ಅಂದೆ.

ಖಾಲಿ ಬುಟ್ಟಿ ಕವುಚಿ ಅದರ ಮೇಲೆ ಕೂತಿದ್ದ ಜಲಜಕ್ಕ
ಅಲ್ಲಿಯವರೆಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.
"ಆ ಹುಡುಗನ ಹೆಸರೆಂತದು?"
ನಾವು ಒಬ್ಬರ ಮುಖ ಒಬ್ಬರು ನೋಡಿದೆವು.
ಒಡಿಶಾದವನಂತೆ.
"ಪುಸ್ತಕದಲ್ಲಿ ಉಂಟಾ?"
ಇಲ್ಲ. ಪುಸ್ತಕದಲ್ಲಿ ಐಸು.

"ನಾನು ಐಸು ಹೊತ್ತವಳು," ಅಂದಳು,
"ನಿಜದ ಐಸು ಯಾರದ್ದಾದರೂ ತಲೆಯ ಮೇಲೆಯೇ ಬರುವುದು.
ಕುತ್ತಿಗೆಗೆ ಇಳಿಯುತ್ತದೆ, ರವಿಕೆ ಒದ್ದೆ ಮಾಡುತ್ತದೆ,
ರಾತ್ರಿ ಭುಜ ಹಿಡಿಯುತ್ತದೆ.
ಇವರ ಐಸನ್ನು ಹೊತ್ತದ್ದು ಯಾರು, ಕೇಳಿ."

ಜೆಟ್ಟಿಯ ಟಯರಿಗೆ ದೋಣಿ ಧಡ್ಡನೆ ತಾಗಿತು.
ಹುಡುಗ ಹಾರಿ ಇಳಿದ. ಲಿಗೋರಿ ಮಾಸ್ಟ್ರು ಕೊಡೆ ಹುಡುಕಿದರು.
ಅದ್ರಾಮಾಕ ಮಾತ್ರ ಹಲಗೆಯ ಮೇಲೆ ನಿಂತು,
ಹಿಂದಿನವರಿಗೆ ದಾರಿ ಕಟ್ಟಿ,
"ತಪ್ಪು, ಒಪ್ಪಿದೆ. ಆದರೆ ಅಪರಾಧವಾ?" ಎಂದು
ಯಾರನ್ನೂ ಅಲ್ಲ, ನೀರನ್ನು ಕೇಳಿದರು.

ಗಾಳಿಗೆಂದು ದಾಟಿದವ ಅದೇ ದೋಣಿಯಲ್ಲಿ ಮರಳಿದೆ.
ಹಂಪನಕಟ್ಟೆಯಲ್ಲಿ, ಡಾಕ್ಟರು ಕಾಣದ ಮೂಲೆಯ ಟೇಬಲು,
ಎತ್ತರದ ಗ್ಲಾಸಿನಲ್ಲಿ ಒಂದು ಗಡ್‌ಬಡ್,
ತಳದ ಜೆಲ್ಲಿಯವರೆಗೂ.
ರಾತ್ರಿ ಮನೆಯ ಖರ್ಚಿನ ಪುಸ್ತಕ ತೆರೆದೆ,
ಹೆಂಡತಿ ದಿನಾ ಓದುವ ಪುಸ್ತಕ.
"ರಿಕ್ಷಾ," ಎಂದು ಬರೆದೆ, "ನೂರ ಇಪ್ಪತ್ತು."

ಅಕ್ಷರ ಮುತ್ತಿನಂತೆ ಬಂತು.