ರಬ್ಬರಿಗೆ ಕಾಲು ಬೇಕು

ಗೌಸ್ ಪೀರ್ ಸಾಬರು ಚೀಲದಿಂದ ತೆಗೆದಿಟ್ಟದ್ದು
ಹರಡು ಮುಚ್ಚುವಷ್ಟೇ ಎತ್ತರದ ಒಂದು ಜೊತೆ ಬೂಟು.
ಲೇಸಿಲ್ಲ, ಬಕಲಿಲ್ಲ. ಎರಡೂ ಪಕ್ಕ
ಎಲೆಯ ತುದಿಯಂತೆ ಇಳಿದ ಎಲಾಸ್ಟಿಕ್ ಪಟ್ಟಿ,
ಹಿಂದೆ, ಬೆರಳು ತೂರಿಸಿ ಎಳೆಯಲು ಲಾಡಿಯ ಕುಣಿಕೆ.

"ಎಳೆದು ನೋಡಮ್ಮ."
ಎಳೆದೆ. ಒಣ ರಾಗಿಹುಲ್ಲು ಮುರಿದ ಸದ್ದು.
ಹಿಗ್ಗಿದ್ದು ಮತ್ತೆ ಕುಗ್ಗಲಿಲ್ಲ.
ಚರ್ಮ ಎಣ್ಣೆ ಕುಡಿದುಕೊಂಡು ಬದುಕುತ್ತೆ,
ರಬ್ಬರಿಗೆ ಕಾಲೇ ಬೇಕು, ಇಟ್ಟಲ್ಲೇ ಇಟ್ಟರೆ ಸಾಯುತ್ತೆ,
ಅನ್ನುತ್ತಿದ್ದ ಅಪ್ಪ, ಇದೇ ಮಂಡಿ ಮೊಹಲ್ಲಾದ
ಇದೇ ಕಟ್ಟೆಯ ಮೇಲೆ.

ಜಾಕಿ ಪಿಂಟೊನದಂತೆ.
ನಸುಕಿನ ತಾಲೀಮಿಗೆ ಹಾಕುತ್ತಿದ್ದದ್ದು,
ಬೆಟ್ಟದ ದೀಪ ಇನ್ನೂ ಆರದ ಹೊತ್ತಿನಲ್ಲಿ,
ರೇಸ್‌ಕೋರ್ಸಿನ ಒದ್ದೆ ಹುಲ್ಲಿನಲ್ಲಿ.
ಹನ್ನೊಂದು ವರ್ಷ ಒರೆಸಿದವರು ಇವರು:
ಅವನು ಕುದುರೆಯ ಮೇಲೆ, ಕಾಲು ರಿಕಾಬಿನಲ್ಲಿ,
ಆ ಕಾಲಿನೆತ್ತರಕ್ಕೆ ಇವರ ಕಣ್ಣು.
"ಮದ್ರಾಸಿಗೆ ಹೊರಟ. ಮೂರು ತಿಂಗಳ ಬಾಕಿ ಇತ್ತು.
ಇದು ಕೊಟ್ಟ."

ಈಗ ಯಾರಿಗೆ ಸಾಬರೇ ರಿಪೇರಿ?
"ಬೂಟಿಗೇ."

ಶಿವರಾಂಪೇಟೆಯ ಅಂಗಡಿಯವನು ಅಳೆಯುತ್ತಾ ಕೇಳಿದ:
ಲಂಗಕ್ಕಾ, ಚಡ್ಡಿಗಾ?
ಕುದುರೆಗೆ ಅಂದೆ.

ಬಿಚ್ಚುವಾಗ ಕಂಡಿತು.
ಬಲದ ಬೂಟಿನ ಬಾಯಿ ಒಂದು ಕಡೆ ಹರಿದು
ಬಿಳಿ ದಾರದಲ್ಲಿ ಯಾರೋ ಹೊಲಿದಿದ್ದಾರೆ,
ಮೋಚಿಯ ಹೊಲಿಗೆ ಅಲ್ಲ, ಗೋಣಿ ಹೊಲಿಯುವವರದ್ದು.
ಓ. ಹಾಗಾದರೆ ಹಾಕಿ ನೋಡಿದ್ದಾರೆ, ಒಂದು ಸಲ,
ಲಾಯದ ಬಾಗಿಲು ಮುಂದೆ ಮಾಡಿಕೊಂಡು.
ಸಗಣಿ, ನೀರು, ಹುಲ್ಲಿನಲ್ಲಿ ಬರಿಗಾಲು ನಿಂತೂ ನಿಂತೂ
ಹರಡಿಕೊಂಡ ಪಾದ
ಬೂಟಿನ ಕತ್ತಿನಲ್ಲಿ ಸಿಕ್ಕಿಕೊಂಡಿರಬೇಕು.

ಪಟ್ಟಿ ಎರಡು ಬೆರಳು ಅಗಲ ಮಾಡಿದೆ. ಕೇಳಲಿಲ್ಲ.

ಗುರುವಾರ ಬಂದರು.
ನೋಡಿದರು. ನನ್ನನ್ನೂ ನೋಡಿದರು.
ಮೂಲೆಯ ಡಬ್ಬಿಯ ಮೇಲೆ ಕೂತು
ಕುಣಿಕೆಗೆ ಬೆರಳು ಹಾಕಿ ಎಳೆದರು.
ಹೋಯಿತು. ಒಂದು ಸಣ್ಣ ಗಾಳಿಯ ಸದ್ದು, ಅಷ್ಟೆ.
ಇನ್ನೊಂದೂ ಹೋಯಿತು.

ಎದ್ದು ನಿಂತವರ ಕೈ ತಾನಾಗಿ ಹೆಗಲ ಟವಲಿಗೆ ಹೋಗಿ,
ಬಗ್ಗಿ ಎಡದ್ದು ಒರೆಸಿದರು.
ಆಮೇಲೆ ಬಲದ್ದಕ್ಕೆ,
ಮೂತಿ ತಪ್ಪಿಸಿಕೊಂಡು ಮುಂದಿನಿಂದ ಸುತ್ತಿ ಬರುವವರಂತೆ
ಒಂದು ಹೆಜ್ಜೆ ಇಟ್ಟು
ಅಲ್ಲೇ ನಿಂತರು, ಟವಲು ಹಿಡಿದು.

ಹಿಂದೆ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ.