ಎರಡೂ ಐದು

ಹೊಸ ಆವೃತ್ತಿ ಹಾಕಿದ ಮರುದಿನ ಲ್ಯಾಪ್‌ಟಾಪು
ಸುಣ್ಣ ಬಳದ ಖೋಲಿಹಂಗ ಇತ್ತು.
ಅಕ್ಷರ ದುಂಡಗ, ಕಿಟಕಿಗಳ ಅಂಚು ನುಣ್ಣಗ.
ಮೂರನೇ ದಿನ, ಖಣದ ಆನೆಹೆಜ್ಜೆಗೆ
ಕೆಂಪು ತುಂಬಿ, ಕಣ್ಣು ಒರಸಿಕೊಳ್ಳೂದರಾಗ
ನಿಂತುಬಿಡ್ತು.

ಬಾಣ ಪರದೆಯ ನಡುವ ಸತ್ತ ನೊಣ.
ಮೂಲಿಯ ಗಡಿಯಾರ ಹನ್ನೊಂದು ಇಪ್ಪತ್ತು ಅಂತಿತ್ತು,
ಗ್ವಾಡಿಯದು ಹನ್ನೆರಡಕ್ಕ ಬಂದಿತ್ತು.
ಗುಳೇದಗುಡ್ಡದ ಓಣಿ ತುಂಬ ಮಗ್ಗ ಬಡೀತಿದ್ದುವು.
ಗುಂಡಿ ಒತ್ತಿ ಹಿಡದು ಕೊಂದೆ,
ಅದೇ ಗುಂಡಿ ಒತ್ತಿ ಎಬ್ಬಿಸಿದೆ.
ಸಂಜಿಗೆ ಮತ್ತ ಅದ ಹಾಡು.

ಹುಚ್ಚೇಶ ಬಂದ. ಸ್ಕ್ರೂಗಳನ್ನ ಚಾದ ಬಸಿಯಾಗ ಎಣಿಸಿಟ್ಟ.
ಫ್ಯಾನಿನ ರೆಕ್ಕಿ ಸಂದಿಂದ ಚಿಮಟಿಗಿಲೆ ಎಳದ:
ಧೂಳಲ್ಲ, ರೇಷ್ಮಿ.
ನೀಲಿ, ಬದನಿಕಾಯಿ ಬಣ್ಣ, ಆರು ವರ್ಷದ ಎಳಿ.
"ಅಕ್ಕಾರ, ಇದರಾಗ ಒಂದು ಖಣ ಆಗತೈತಿ" ಅಂತ ನಕ್ಕ.
ಕಾವು ಇಳೀತು.
ನಿಲ್ಲೂದು ಇಳೀಲಿಲ್ಲ.

ಮೆಮೊರಿ ಪಟ್ಟಿ ಒಂದು ಕಿತ್ತು ಇನ್ನೊಂದು ಬಿಟ್ಟ,
ಇನ್ನೊಂದು ಕಿತ್ತು ಮೊದಲಿಂದು ಕೂಡಿಸಿದ.
ರಾತ್ರಿಪೂರ್ತಿ ಪರೀಕ್ಷೆ ಓಡಿ
ಬೆಳಿಗ್ಗೆ ಹೇಳಿತು: ತಪ್ಪು ಸೊನ್ನೆ.
ಸೊನ್ನೆ ಮ್ಯಾಲ ಅಷ್ಟು ಸಿಟ್ಟು
ಸಾಲಿ ದಿನದಾಗೂ ಬಂದಿರಲಿಲ್ಲ.
ಡ್ರೈವರ್ ಹಿಂದಿಂದು ಹಾಕಿದ, ಹಿಂದಿನ ಹಿಂದಿಂದು ಹಾಕಿದ.
ದಾಖಲೆ ತೆಗೆದು ಓದಿದ್ವಿ. ಹನ್ನೊಂದು ಇಪ್ಪತ್ತರ ತನಕ
ಸಾಲಿಗೆ ಸಾಲು ಎಲ್ಲಾ ಕ್ಷೇಮ,
ಆಮ್ಯಾಲೆ ಬರೇ ಬಿಳಿ.
ಬಾವಿಗೆ ಬೀಳಾಂವ
ಬಿದ್ದೆ ಅಂತ ಬರದಿಟ್ಟು ಬೀಳತಾನೇನು?

ಕಂಡಿಕಿ ಸುತ್ತೂ ನೀಲವ್ವ ಕೇಳಿದಳು,
"ಯಾವಾಗ ನಿಲ್ಲತೈತಿ?"
"ಅದಕ್ಕ ತಿಳದಾಗ."
"ಹಂಗ ಯಾವದೂ ನಿಲ್ಲೂದಿಲ್ಲವಾ. ಎಳಿ ಎಲ್ಲೆ ಹರೀತೈತಿ
ಅಂತ ಗೊತ್ತಾಗಬೇಕಂದರ
ಹರದಾಗೆಲ್ಲಾ ಒಂದು ಗಂಟು ಹಾಕಿಡು."

ಮಜೂರಿ ಪುಸ್ತಕದ ಕಡೀ ಹಾಳಿಯಾಗ ಗಂಟು ಹಾಕಿದೆ:
ಹನ್ನೊಂದು ಇಪ್ಪತ್ತು, ಕಣ್ಣು ಒರಸಿಕೊಂಡೆ.
ಎರಡೂ ಐದು, ರೊಟ್ಟಿಗೆ ಎದ್ದಿದ್ದೆ.
ನಾಕೂ ಹತ್ತು, ಹಾಲಿನವನ ಜೋಡಿ ಲೆಕ್ಕದ ಜಗಳ.
ಬುಧವಾರ ನಿಲ್ಲಲೇ ಇಲ್ಲ. ಇಳಕಲ್ಲಿನ ಆರ್ಡರು, ಅವತ್ತು ಉಂಡಿಲ್ಲ.
ಗುರುವಾರ ಏಳು ನಲವತ್ತು, ಮಗಳ ತಲಿ ಹಿಕ್ಕಾಕ ಹೋಗಿದ್ದೆ.
ಶುಕ್ರವಾರ ಎರಡೂ ಐದು. ಮತ್ತ ರೊಟ್ಟಿ.

ನೀಲವ್ವಗ ಓದಾಕ ಬರೂದಿಲ್ಲ. ನಾ ಓದಿ ಹೇಳಿದೆ.
ಮುಗಿಸೂಕಿಂತ ಮೊದಲ ಅಂದಳು,
"ನೀ ಕೈ ಎತ್ತಿದಾಗ."

ಗೆರಿ ಎಳಿಯೂವಾಗ ಒಮ್ಮಿಯೂ ನಿಂತಿಲ್ಲ.

ಹುಚ್ಚೇಶ ತಲಿ ಕೆರಕೊಂಡ, ಫೋನಿನ್ಯಾಗ ಹುಡುಕಿದ, ಹೇಳಿದ:
ಕೆಲಸ ಇಲ್ಲದಾಗ ಪ್ರೊಸೆಸರು ನಿದ್ದಿಗೆ ಇಳೀತೈತಿ,
ಹೊಂಡದ ಪಾವಟಿಗಿ ಇಳದಂಗ, ಒಂದೊಂದ.
ಹಳೇ ಆವೃತ್ತಿ ಮ್ಯಾಲಿನ ಪಾವಟಿಗಿಯಾಗ ಕೂಡಿಸತಿತ್ತು.
ಹೊಸಾದು ಕರೆಂಟು ಉಳಸಾಕ
ತಳದ ತನಕ ಕಳಸತೈತಿ.
ಅಲ್ಲಿಂದ ಹತ್ತಿ ಬರೂದು ಇದಕ್ಕ ತಿಳೀದು.

ಶುರುವಾಗೂ ಸಾಲಿನಾಗ ಒಂದು ಮಾತು, ಒಂದು ಅಂಕಿ ಸೇರಿಸಿದ:
ಇಲ್ಲಿಂದ ಕೆಳಗ ಇಳೀಬ್ಯಾಡ.
ಎರಡು ವಾರದ ಯುದ್ಧಕ್ಕ ಅರ್ಧ ಸಾಲು.
ರೊಕ್ಕ ಕೇಳಾಕ ನಾಚಿಕೊಂಡ, ಮತ್ತ ತಗೊಂಡ.

ಈಗ ಒಂಬತ್ತು ದಿನ.
ಬ್ಯಾಟರಿ ನಾಕು ತಾಸಿಂದು ಎರಡೂವರಿಗೆ ಬಂದೈತಿ,
ತೊಡಿ ಮ್ಯಾಲ ಇಟ್ಟರ ಸುಡತೈತಿ.
"ಪಾಪ, ಅದರ ನಿದ್ದಿ ಕೆಡಿಸಿದಿರಿ" ಅಂತಾಳ ನೀಲವ್ವ,
ಕಂಡಿಕಿ ತಿರುವೂದು ನಿಲ್ಲಸದ.

ಆನೆಹೆಜ್ಜೆ ಮುಗೀತು. ಅಂಚಿಗೆ ತುಳಸಿ ಎಲಿ ಶುರು.
ಎರಡೂ ಐದು.
ಹಂಚು ಕಾಯಾಕ ಇಟ್ಟು ಬಂದು
ಬಾಗಿಲ ಹಂತ್ಯಾಕ ನಿಂತು ನೋಡತೀನಿ,
ಉಸುರು ಹಿಡದು, ಕಳ್ಳಿಹಂಗ.

ಎರಡೂ ಆರು.